ರಿಂಗಿನ ಕೆಳಗಿನ ಜಾಗ

ನನ್ನ ಗಂಡ ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಬಟ್ಟಲನ್ನು ಅಂಗೈಯಲ್ಲಿಟ್ಟುಕೊಂಡು ಅಂಗಳದಲ್ಲಿ ಓಡಾಡುತ್ತಲೇ ತಿನ್ನುತ್ತಾನೆ. ಹುಳಿ ಮೀನಿನ ಸಾರು ದಾರಿಯುದ್ದಕ್ಕೂ ಚೆಲ್ಲುತ್ತದೆ, ಅದನ್ನು ಹೆಕ್ಕಲು ನಮ್ಮ ಬಾತುಕೋಳಿಗಳು ಹಿಂದೆ ಹಿಂದೆ ಹೋಗುತ್ತವೆ. ನಮಗಿರುವುದು ಅಕ್ಕಿ ಗಿರಣಿ. ಯಂತ್ರ ತಿರುಗುವಾಗ ಪಕ್ಕದಲ್ಲಿ ಸುಮ್ಮನೆ ನಿಂತರೆ ಸಾಕು, ಆದರೆ ಇವನೂ ಯಂತ್ರದ ಜೊತೆ ತಿರುಗುತ್ತಾನೆ. ನಿದ್ದೆಯಲ್ಲೂ ಕಾಲು ಝಾಡಿಸುತ್ತಾನೆ. ಹೆಸರು ತೈ ಚಾಂಗ್‌ಗೆನ್, ಊರವರಿಗೆ ಕಂಬಣ್ಣ. ಒಂದು ಕಡೆ ನಿಲ್ಲಲಾರದ ಮನುಷ್ಯನಿಗೆ ಈ ಹೆಸರು ಯಾಕೆ ಬಂತೆಂದರೆ, ಅವನು ಅಲ್ಲಾಡದೆ ನಿಲ್ಲುತ್ತಿದ್ದ ಜಾಗ ಭೂಮಿಯ ಮೇಲೆ ಒಂದಿತ್ತು. ಅದು ನಮ್ಮೂರಿನ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ, ರಿಂಗಿನ ಕೆಳಗೆ.

ಅಲ್ಲಿ ನಿಂತರೆ ಅವನು ಬೇರೆಯೇ ಮನುಷ್ಯ. ಎದುರಾಳಿ ಎಸೆದ ಚೆಂಡು ರಿಂಗಿಗೆ ಬಡಿದು ಹಿಂದಕ್ಕೆ ಪುಟಿದರೆ, ಅದು ಇವನ ಕೈಗೇ ಬೀಳಬೇಕು. ಬೆನ್ನು ಕೊಟ್ಟು, ಸೊಂಟ ಕೊಟ್ಟು, ಪಕ್ಕೆಗೆ ಮೊಣಕೈ ತಿಂದು ಆ ಜಾಗ ಬಿಡುತ್ತಿರಲಿಲ್ಲ. ಅಂಕ ಗಳಿಸುವವರು ಬೇರೆ ಇದ್ದರು, ಚಪ್ಪಾಳೆಯೂ ಅವರಿಗೇ. ಇವನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಗಂಡನೆಂದು ಹೊಗಳುತ್ತಿಲ್ಲ, ನಾನು ಹಾಗೆಲ್ಲ ಹೊಗಳುವವಳೂ ಅಲ್ಲ.

ಅಷ್ಟಕ್ಕೂ ನಮ್ಮ ಮದುವೆ ಆದದ್ದೇ ಆ ಜಾಗದಿಂದ. ನಾನು ಲಾಂಗ್‌ಪೊ ಊರಿನ ಮಗಳು, ಗುಡ್ಡದ ಆಚೆ. ನನ್ನಣ್ಣ ದಾಶಿ ಲಾಂಗ್‌ಪೊ ತಂಡದಲ್ಲಿ ರಿಂಗಿನ ಕೆಳಗೆ ನಿಲ್ಲುವವನು. ಒಂದು ವರ್ಷ ಇವನ ಮೊಣಕೈ ತಾಗಿ ಅಣ್ಣನ ಮುಂದಿನ ಹಲ್ಲು ಹೋಯಿತು. ಮರುದಿನ ಕ್ಷಮೆ ಕೇಳಲು ಒಂದು ಬಾತುಕೋಳಿ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಕೂತುಕೋ ಎಂದರೆ ಕೂರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗಾಡುತ್ತಾ ನನ್ನನ್ನೇ ನೋಡುತ್ತಿದ್ದ. "ಹಲ್ಲೂ ಹೋಯ್ತು, ತಂಗೀನೂ ಹೋದ್ಲು," ಎಂದು ಅಣ್ಣ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ಆರನೇ ತಿಂಗಳಲ್ಲಿ ಹೊಸ ತೆನೆ ಹಬ್ಬ ಬಂದರೆ ನಮ್ಮ ಬೆಟ್ಟಗಳ ಊರೂರೂ ಆಡುತ್ತದೆ. ಗೆದ್ದ ಊರಿಗೆ ಒಂದು ಹಳದಿ ಎತ್ತು. ನಮ್ಮೂರು ಜ್ಯೂತಾಂಗ್‌ಗೆ ಆ ಎತ್ತು ಯಾವತ್ತೂ ಬಂದಿರಲಿಲ್ಲ. ಪ್ರತಿ ಸಲವೂ ಲಾಂಗ್‌ಪೊ ಹೊಡೆದುಕೊಂಡು ಹೋಗುತ್ತಿತ್ತು, ಪ್ರತಿ ಸಲವೂ ನನ್ನಣ್ಣ ಬೇಕೆಂದೇ ಅದನ್ನು ನಮ್ಮ ಮನೆಯ ಮುಂದಿನ ದಾರಿಯಲ್ಲೇ ನಡೆಸಿಕೊಂಡು ಹೋಗುತ್ತಿದ್ದ.

ಹೊರಗಿನ ಆಟಗಾರರನ್ನು ಕರೆಸಬಾರದೆಂಬ ನಿಯಮ ಬರುವುದಕ್ಕೆ ಮುಂಚಿನ ಮಾತಿದು. ಆಗ ಯಾವ ತಂಡಕ್ಕೂ ಸೇರದೆ, ಹಣ ಕೊಟ್ಟ ಊರಿಗೆ ಹೋಗಿ ಆಡುವ ಅಲೆಮಾರಿ ಆಟಗಾರರು ಇದ್ದರು. ತಂಡದ ನಾಯಕ ಪಾನ್ ತನ್ನ ನೂಡಲ್ ಅಂಗಡಿಯಲ್ಲಿ ಸಭೆ ಸೇರಿಸಿ, ಈ ಸಲ ಅಂಥವನೊಬ್ಬನನ್ನು ತರೋಣ ಎಂದ. ಹೇಳಿದ ಬೆಲೆಗೆ ಎಲ್ಲರ ಬಾಯಿ ತೆರೆದುಕೊಂಡಿತು.

"ಅಲ್ಲಯ್ಯಾ, ಗೆದ್ರೆ ಸಿಗೋ ಎತ್ತಿಗಿಂತ ಇವನೇ ದುಬಾರಿ!" ಎಂದಳು ವಾನ್ ಅತ್ತೆ. ಊರ ಬಾಗಿಲಲ್ಲಿ ಅತಿಥಿಗಳಿಗೆ ಮದ್ಯ ಕೊಡುವ ಹೆಂಗಸರಿಗೆಲ್ಲ ಅವಳೇ ಯಜಮಾನಿ, ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. "ಎತ್ತನ್ನಾದ್ರೆ ತಿನ್ನಬಹುದು. ಇವನನ್ನ ಏನ್ ಮಾಡ್ತೀರಾ?"

"ಅತ್ತೆ, ನಮಗೇನು ಬೇಕು ಅನ್ನೋದನ್ನ ಮೊದಲು ನೋಡೋಣ," ಎಂದ ಪಾನ್. "ದೂರದಿಂದ ಹಾಕೋರು ನಮ್ಮಲ್ಲಿ ಇದಾರೆ. ಓಡೋರು ಇದಾರೆ. ನಾವು ಸೋಲ್ತಿರೋದು..." ಅಷ್ಟಕ್ಕೇ ನಿಲ್ಲಿಸಿ ಮೆಣಸಿನಕಾಯಿ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದ. ಯಾರೂ ನನ್ನ ಗಂಡನತ್ತ ನೋಡಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವನ ಮೊಣಕಾಲಿಗೆ ಮೊದಲಿನ ಶಕ್ತಿ ಇರಲಿಲ್ಲ, ಹಿಂದಿನ ವರ್ಷ ಫೈನಲ್‌ನಲ್ಲಿ ನನ್ನಣ್ಣ ಇವನ ತಲೆ ಮೇಲಿಂದಲೇ ಚೆಂಡು ಕಿತ್ತುಕೊಂಡಿದ್ದ.

"ರಿಂಗಿನ ಕೆಳಗೆ ಸೋಲ್ತಿದೀವಿ. ಹೇಳೋಕೇನು ನಾಚಿಕೆ?" ಎಂದ ಚಾಂಗ್‌ಗೆನ್, ಗೋಡೆಗೊರಗಿ ನಿಂತೇ. "ತನ್ನಿ. ಗಿರಣಿಯಿಂದ ನನ್ನ ಪಾಲೂ ಕೊಡ್ತೀನಿ."

ಅವತ್ತು ಎಲ್ಲರೂ ಅವನ ಬೆನ್ನು ತಟ್ಟಿದರು. ಮನೆಗೆ ಬಂದವನು ಅಂಗಳದಲ್ಲಿ ತಿರುಗಿದ್ದೇ ತಿರುಗಿದ್ದು. ಬಾತುಕೋಳಿಗಳೇ ಸುಸ್ತಾಗಿ ಮಲಗಿಬಿಟ್ಟವು.

ಅಷ್ಟರಲ್ಲಿ ಪಾನ್ ಆ ಆಟಗಾರನ ವೀಡಿಯೊ ತಂದು ತೋರಿಸಿದ. ದೂರದ ಶಾಂಡೊಂಗ್ ಪ್ರಾಂತ್ಯದವನು, ಹೆಸರು ಮೌ ಗ್ವಾಂಗ್‌ಲೆ. ನಮ್ಮ ಬಾಗಿಲಲ್ಲಿ ನಿಂತರೆ ಚೌಕಟ್ಟು ಮುರಿಯುವಷ್ಟು ಎತ್ತರ. ವೀಡಿಯೊ ಪೂರ್ತಿ ದೂರದಿಂದ ಚೆಂಡು ಎಸೆಯುವುದು, ಎಸೆದದ್ದೆಲ್ಲ ಬೀಳುವುದು, ಹಿಂದೆ ಕುಣಿಸುವ ಹಾಡು. ಚಾಂಗ್‌ಗೆನ್‌ನ ಮುಖ ಅರಳಿತು.

"ನೋಡಿದ್ಯಾ? ಇವನು ದೂರದಿಂದ ಹಾಕೋನು. ನಮಗೆ ಬೇಕಾಗಿದ್ದೇ ಒಂದು, ಪಾನ್ ತರ್ತಿರೋದೇ ಇನ್ನೊಂದು!"

"ಅದಕ್ಕೆ ನೀನ್ಯಾಕೆ ಇಷ್ಟು ಖುಷಿಯಾಗಿದೀಯಾ?"

"ನಾನೆಲ್ಲಿ ಖುಷಿಯಾಗಿದೀನಿ?" ಎಂದು ಗಿರಣಿಗೆ ಹೋದವನು ಶಿಳ್ಳೆ ಹಾಕುತ್ತಿದ್ದ. ಊರೆಲ್ಲ ಹೊಟ್ಟೆ ಕಟ್ಟಿ ಕೂಡಿಸಿದ ದುಡ್ಡು ತಪ್ಪು ಆಳಿಗೆ ಹೋಗಿದೆಯೆಂದು ನನ್ನ ಗಂಡನಿಗೆ ನೆಮ್ಮದಿ. ನನಗೆ ನಗು ಬಂತು, ಅದರ ಬೆನ್ನಿಗೇ ಮರುಕವೂ ಹುಟ್ಟಿತು.

ಸೆಮಿಫೈನಲ್ ದಿನ ಬೆಳಿಗ್ಗೆ ಮೌ ಗ್ವಾಂಗ್‌ಲೆಯನ್ನು ರೈಲು ನಿಲ್ದಾಣದಿಂದ ಕರೆತರಲು ಹೋದವನು ಚಾಂಗ್‌ಗೆನ್. ಗಿರಣಿಯ ವ್ಯಾನು ಅವನದೇ ಅಲ್ಲವೇ. ಊರಿಗೆ ಬರುವ ಎಷ್ಟೋ ಅತಿಥಿಗಳನ್ನು ಅವನೇ ತಂದಿದ್ದಾನೆ. ಕರೆತರುವವನಿಗೆ ಒಂದು ಕೆಲಸ ಇರುತ್ತದೆ. ದಾರಿಯಲ್ಲಿ ಅತಿಥಿಗೆ ಹೇಳಬೇಕು: ಊರ ಬಾಗಿಲಲ್ಲಿ ಹೆಂಗಸರು ಎತ್ತಿನ ಕೊಂಬಿನಲ್ಲಿ ಮದ್ಯ ಹಿಡಿದು ಅಡ್ಡ ನಿಂತಿರುತ್ತಾರೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯಿ ಮಾತ್ರ ತೆರೆಯಿರಿ, ಒಂದು ಗುಟುಕು ಕುಡಿಸಿ ಒಳಗೆ ಬಿಡುತ್ತಾರೆ. ಕೊಂಬಿಗೆ ಕೈ ತಾಗಿತೋ, ಪೂರ್ತಿ ಕೊಂಬು ನಿಮ್ಮದೇ. ನಮ್ಮ ಅಕ್ಕಿ ಮದ್ಯ ನಾಲಗೆಗೆ ಸಿಹಿ, ಕಾಲಿಗೆ ವೈರಿ.

ಅವತ್ತು ಬಾಗಿಲಲ್ಲಿ ಕೊಂಬು ಹಿಡಿದವಳು ನಾನು. ಬೆಳ್ಳಿಯ ಕಿರೀಟದ ಭಾರಕ್ಕೆ ಕುತ್ತಿಗೆ ಹಿಡಿದುಕೊಂಡಿತ್ತು. ವ್ಯಾನು ನಿಂತಿತು, ಮೌ ಬಗ್ಗಿ ಇಳಿದ. ಪಾಪ, ಮುದ್ದು ಮುಖದ ಹುಡುಗ. ಹೆಂಗಸರು ಹಾಡು ಶುರು ಮಾಡಿದರು. ನಾನು ಕೊಂಬು ಎತ್ತಿದೆ. ಅವನು ತಲೆ ಬಾಗಿಸಿ, ತುಂಬಾ ಮರ್ಯಾದೆಯಿಂದ, ಎರಡೂ ಕೈ ಚಾಚಿದ.

ಅವನ ಹೆಗಲಾಚೆ ನನ್ನ ಗಂಡನನ್ನು ನೋಡಿದೆ. ಅವನು ವ್ಯಾನಿನ ಚಕ್ರ ನೋಡುತ್ತಿದ್ದ.

ಕೊಂಬನ್ನು ನಾನು ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಆದರೆ ಎಲ್ಲ ಒಂದು ಕ್ಷಣದಲ್ಲಿ ಮುಗಿಯಿತು. ಅವನ ದೊಡ್ಡ ಅಂಗೈಗಳು ಕೊಂಬನ್ನು ಎರಡೂ ಕಡೆಯಿಂದ ಹಿಡಿದವು, "ಕೈ ತಾಗ್ತು! ಕೈ ತಾಗ್ತು!" ಎಂದು ಹೆಂಗಸರು ಕಿರುಚಿ ಕುಣಿದರು.

"ಏನಾಯ್ತು ಅತ್ತಿಗೆ?" ಎಂದ ಮೌ ಗಾಬರಿಯಾಗಿ. "ನಮ್ಮೂರಲ್ಲಿ ಹಿರಿಯರು ಕೊಟ್ಟಿದ್ದನ್ನ ಹೀಗೇ ತಗೊಳ್ಳೋದು, ಎರಡು ಕೈಲಿ."

"ನಮ್ಮೂರಲ್ಲಿ ಹೀಗೆ ತಗೊಂಡ್ರೆ ಪೂರ್ತಿ ಕುಡಿಯೋದು!" ಎಂದಳು ವಾನ್ ಅತ್ತೆ. ಓಡಿಬಂದ ಪಾನ್, "ಅತ್ತೆ, ಮಧ್ಯಾಹ್ನ ಆಟ ಇದೆ, ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಅಂಗಲಾಚಿದ. "ನಿಮ್ಮಪ್ಪ ಅಳಿಯನಾಗಿ ಬಂದಾಗಲೂ ಬಿಡಲಿಲ್ಲ, ಇವನನ್ನ ಬಿಡ್ತೀನಾ?" ಎಂದಳು ಅವಳು. ಮೌ ನಕ್ಕು, ಮರ್ಯಾದೆಯಿಂದಲೇ, ಒಂದು ಹನಿ ಉಳಿಸದೆ ಕುಡಿದ.

ಮಧ್ಯಾಹ್ನ ಅಂಕಣಕ್ಕಿಳಿದವನು ಮೊದಲ ಚೆಂಡನ್ನೇ ಬಹಳ ಪ್ರೀತಿಯಿಂದ ರೆಫರಿಯ ಕೈಗೆ ಕೊಟ್ಟ. ಎರಡನೆಯದಕ್ಕೆ ಹಾರಿ, ಇಳಿಯುವುದನ್ನು ಮರೆತವನ ಹಾಗೆ ನೆಲಕ್ಕೆ ಬಿದ್ದ. ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿತು. ಇಬ್ಬರು ಹಿಡಿದು ಅವನನ್ನು ಕೆಂಪು ಬ್ಯಾನರಿನ ನೆರಳಲ್ಲಿ ಮಲಗಿಸಿದರು. ಊರಿನ ದುಡ್ಡೆಲ್ಲ ಅಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿತ್ತು.

"ಕಂಬಣ್ಣಾ, ಇಳಿ!" ಎಂದು ಪಾನ್ ಕೂಗಿದ. ಕೂಗುವ ಮೊದಲೇ ಇವನು ಅಂಗಿ ಬಿಚ್ಚಿಯಾಗಿತ್ತು.

ಅವತ್ತು ಚಾಂಗ್‌ಗೆನ್ ಆಡಿದ ಆಟ ನಾನು ಮದುವೆಯಾದ ಹೊಸತರಲ್ಲಿ ನೋಡಿದ ಆಟ. ಬಿದ್ದ, ಎದ್ದ, ಮತ್ತೆ ಬಿದ್ದ, ಚೆಂಡು ಬಿಡಲಿಲ್ಲ. ನಾನು ಪಾತ್ರೆ ಮುಚ್ಚಳ ಬಡಿದು ಬಡಿದು ಬಗ್ಗಿಸಿಬಿಟ್ಟೆ. ಸ್ವಲ್ಪದರಲ್ಲೇ ಗೆದ್ದೆವು. ಜನ ಅವನನ್ನು ಎತ್ತಿಕೊಂಡು ಕುಣಿಯುವಾಗ ಅವನ ಮುಖ ಕಂಡಿತು. ಗೆದ್ದವನ ಮುಖ ಅದಾಗಿರಲಿಲ್ಲ.

ಮನೆಗೆ ಬಂದಾಗ ಅವನ ಮೊಣಕಾಲು ಸೋರೆಕಾಯಿಯಷ್ಟು ಊದಿತ್ತು. ಆದರೂ ಕೂರಲಿಲ್ಲ, ಕುಂಟುತ್ತಾ ತಿರುಗಿದ.

"ಅವನಿಗೆ ಹೇಳಲಿಲ್ವಾ ನೀನು?" ಎಂದೆ.

"ಏನನ್ನ?"

"ನನ್ನ ಹತ್ರ ನಾಟಕ ಬೇಡ. ಕೊಂಬಿನ ವಿಷಯ."

"ಮರೆತೆ."

"ಮದುವೆ ದಿಬ್ಬಣಕ್ಕೆ ಹೇಳೋಕೆ ಮರೀಲಿಲ್ಲ, ಕರೆಂಟಿನ ಆಫೀಸಿನವರಿಗೆ ಹೇಳೋಕೆ ಮರೀಲಿಲ್ಲ, ಹಂದಿ ವ್ಯಾಪಾರಿಗೂ ಹೇಳಿದೀಯ. ಇವನಿಗೆ ಮಾತ್ರ ಮರೆತ್ಯಾ?"

ಅವನು ಕಂಬಕ್ಕೆ ಹಣೆ ಆನಿಸಿ ನಿಂತ. ಆಮೇಲೆ ಕಂಬಕ್ಕೇ ಹೇಳುವವನ ಹಾಗೆ ಹೇಳಿದ. ವ್ಯಾನಿನಲ್ಲಿ ತಾನೇ ಕೇಳಿದ್ದನಂತೆ, ತಮ್ಮಾ, ನೀನು ದೂರದಿಂದ ಹಾಕೋನಲ್ವಾ ಎಂದು. ಮೌ ನಕ್ಕನಂತೆ. "ಅಯ್ಯೋ ಅಣ್ಣ, ಅದು ವೀಡಿಯೊಗೆ. ಹಾಗೆ ಹಾಕಿದ್ರೇನೇ ಜನ ಕರೆಯೋದು. ನನ್ನ ನಿಜವಾದ ಕೆಲಸ ರಿಂಗಿನ ಕೆಳಗೆ. ಅಲ್ಲಿ ಯಾರೂ ವೀಡಿಯೊ ಮಾಡಲ್ಲ."

"ಆಮೇಲೆ ಕೊಂಬಿನ ವಿಷಯ ಹೇಳಬೇಕು ಅಂತ ಬಾಯಿ ತೆರೆದೆ ಕಣೇ. ಸೇತುವೆ ಹತ್ರ ತೆರೆದೆ, ಚಹಾ ತೋಟದ ಹತ್ರ ತೆರೆದೆ. ಮಾತೇ ಹೊರಡಲಿಲ್ಲ."

ಬೈಯಬೇಕೆಂದು ನಿಂತಿದ್ದೆ. ಅಷ್ಟರಲ್ಲಿ ಬಾಗಿಲ ಚೌಕಟ್ಟಿಗೆ ಹಣೆ ಬಡಿದ ಸದ್ದು. ಮೌ ಬಂದಿದ್ದ, ಕಣ್ಣು ಕೆಂಪಗೆ, ಕೈಯಲ್ಲಿ ತನ್ನೂರಿನ ಸೇಬುಗಳ ಚೀಲ. ಒಳಗೆ ಬಂದವನೇ ನನ್ನ ಗಂಡನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಮೊಣಕಾಲು ನೋಡಿದ.

"ನನ್ನ ದಡ್ಡತನದಿಂದ ನಿಮಗೆ ಹೀಗಾಯ್ತು ಅಣ್ಣ. ನಿಮ್ಮಂಥವರು ಇದ್ದದ್ದಕ್ಕೆ ನನ್ನ ಮಾನ ಉಳೀತು. ನಾಳೆ ತೀರಿಸ್ತೀನಿ."

ನಾನು ಕೊಟ್ಟ ಸಾರಿನ ಬಟ್ಟಲನ್ನು ಮೌ ಎರಡೂ ಕೈಯಲ್ಲಿ ತೆಗೆದುಕೊಂಡಾಗ ಚಾಂಗ್‌ಗೆನ್ ಕುಂಟುತ್ತಾ ಅಂಗಳಕ್ಕೆ ಹೋಗಿಬಿಟ್ಟ.

ಮರುದಿನ ಸಂಜೆ ಫೈನಲ್, ಲಾಂಗ್‌ಪೊ ಜೊತೆ. ಮೆಟ್ಟಿಲುಗಳ ಮೇಲೆ, ಛಾವಣಿಗಳ ಮೇಲೆ, ಪೀಚ್ ಮರದ ಮೇಲೆ, ಎಲ್ಲಿ ನೋಡಿದರಲ್ಲಿ ಜನ. ನನ್ನಣ್ಣ ದಾಶಿ ಅಂಕಣಕ್ಕೆ ಬರುತ್ತಲೇ ನನ್ನ ಕಡೆ ಮುಂದಿನ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. "ತಂಗೀ, ಮುಚ್ಚಳ ಯಾರಿಗೆ ಬಡೀತೀಯಾ?"

"ಮೊದಲು ನಿನ್ನ ತಲೆಗೆ ಬಡೀತೀನಿ, ಆಮೇಲೆ ನೋಡೋಣ!"

ಚಾಂಗ್‌ಗೆನ್ ಮೊಣಕಾಲಿಗೆ ಪಟ್ಟಿ ಸುತ್ತಿ ಅಂಕಣದ ಅಂಚಿನಲ್ಲಿ ತಿರುಗುತ್ತಿದ್ದ. ಮೌ ರಿಂಗಿನ ಕೆಳಗೆ ನಿಂತ, ನನ್ನ ಗಂಡ ನಿಲ್ಲುತ್ತಿದ್ದ ಜಾಗದಲ್ಲೇ, ಬಣ್ಣ ಮಾಸಿದ ಆ ಗೆರೆಯ ಒಳಗೆ.

ನನ್ನಣ್ಣನಿಗೊಂದು ಕುತಂತ್ರ ಗೊತ್ತು. ಚೆಂಡು ಮೇಲೆ ಹೋದಾಗ ಎದುರಿನವನ ಕಾಲ್ಬೆರಳು ಮೆಟ್ಟಿ, ರೆಫರಿ ಕಾಣದ ಕಡೆಯಿಂದ ಚಡ್ಡಿಯ ಸೊಂಟಪಟ್ಟಿ ಹಿಡಿದುಕೊಳ್ಳುತ್ತಾನೆ. ಹಾಗೆ ಸಿಕ್ಕಿಬಿದ್ದವನು ಹಾರುವುದಾದರೂ ಹೇಗೆ? ಈ ಕುತಂತ್ರಕ್ಕೆ ಉಪಾಯ ಹುಡುಕಲು ನನ್ನ ಗಂಡನಿಗೆ ಎಷ್ಟೋ ಹಬ್ಬಗಳು ಹಿಡಿದಿದ್ದವು. ಎಷ್ಟೋ ಸಲ ಊಟದ ಬಟ್ಟಲು ಹಿಡಿದೇ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದ. ಅಣ್ಣ ಮೊದಲ ಸಲ ಮೌ ಮೇಲೂ ಅದನ್ನೇ ಮಾಡಿದ. ಮೌ ಅಲ್ಲೇ ಸಿಕ್ಕಿಬಿದ್ದ, ಚೆಂಡು ಹೋಯಿತು.

ಚಾಂಗ್‌ಗೆನ್ ಅಂಚಿಗೆ ಓಡಿ ಬಂದ. ಅವನ ಮುಖ ನನಗೆ ಓದಲು ಬರುತ್ತದೆ. ಇವತ್ತು ಹೇಳುತ್ತಾನೆ, ಕೂಗಿ ಹೇಳುತ್ತಾನೆ, ನಿನ್ನೆಯದನ್ನು ತೊಳೆದುಕೊಳ್ಳುತ್ತಾನೆ. "ಮೌ! ಅವನ ಎಡಗೈ..." ಎಂದು ಬಾಯಿ ತೆರೆದ.

ಮೌ ಆಗಲೇ ಸೊಂಟದ ದಾರ ಬಿಚ್ಚಿ, ಎರಡು ಸುತ್ತು ಬಿಗಿದು, ಪಟ್ಟಿಯನ್ನು ಒಳಕ್ಕೆ ಮಡಚಿ ಸಿಕ್ಕಿಸುತ್ತಿದ್ದ. ಚೆಂಡು ಮತ್ತೆ ಬಂದಾಗ ತನ್ನ ಪಾದವನ್ನು ಅಣ್ಣನ ಪಾದದ ಹಿಂದೆ ಸರಿಸಿದ, ಸೊಂಟವನ್ನು ಅರ್ಧ ತಿರುಗಿಸಿದ, ಹಾರಿ ಚೆಂಡು ಇಳಿಸಿಕೊಂಡ. ನನ್ನ ಗಂಡ ಅಷ್ಟು ಹಬ್ಬಗಳಲ್ಲಿ ಕಲಿತದ್ದೇ ಅದು, ಅದೇ ಪಾದ, ಅದೇ ತಿರುವು. ಮೌಗೆ ಒಂದೇ ಸಲಕ್ಕೆ ಬಂತು. ಆಮೇಲೆ ನನ್ನಣ್ಣನಿಗೆ ರಿಂಗಿನ ಕೆಳಗೆ ಒಂದು ಚೆಂಡೂ ಸಿಗಲಿಲ್ಲ.

ನಮ್ಮೂರು ಹುಚ್ಚೆದ್ದು ಕುಣಿಯುತ್ತಿತ್ತು. ನಾನು ಅಂಚಿನತ್ತ ನೋಡಿದೆ. ಚಾಂಗ್‌ಗೆನ್ ಕೂತಿದ್ದ.

ಕಲ್ಲು ಮೆಟ್ಟಿಲ ಮೇಲೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಅಲ್ಲಾಡಿಸದೆ ಕೂತಿದ್ದ. ಕೂತ್ಕೋ ಮಾರಾಯಾ, ಒಂದು ಗಳಿಗೆ ಕೂತ್ಕೋ ಎಂದು ಜನ್ಮವಿಡೀ ಬೇಡಿಕೊಂಡವಳು ನಾನು. ಅವನು ಕೂತದ್ದನ್ನು ನೋಡಿ ನನಗೆ ಅಳು ಉಕ್ಕಿ ಬಂತು. ಎದ್ದು ಬಿಡು, ಹಾಳಾದವನೇ, ಎದ್ದು ತಿರುಗಾಡು ಎಂದು ಕಿರುಚಬೇಕೆನ್ನಿಸಿತು. ಮುಚ್ಚಳ ಬಡಿಯುವುದನ್ನು ಬಿಟ್ಟು ಅಂಕಣದ ಸುತ್ತ ನಾನೇ ತಿರುಗತೊಡಗಿದೆ.

ಗೆದ್ದೆವು. ಎತ್ತು ನಮ್ಮೂರಿಗೆ ಬಂತು, ಕೊಂಬಿಗೆ ಕೆಂಪು ಬಟ್ಟೆ ಕಟ್ಟಿ ನನ್ನಣ್ಣನ ಮುಂದೆಯೇ ನಡೆಸಿಕೊಂಡು ಬಂದೆವು. ಊರೆಲ್ಲ ತಿಂದಿತು. "ದುಡ್ಡು ದಂಡ, ಎತ್ತು ಒಂದೇ ದಿನದಲ್ಲಿ ಖಾಲಿ," ಎಂದು ಕೆಲವರು, "ಮುಂದಿನ ವರ್ಷ ಇವನೇ ಬರ್ತಾನಾ? ಬರದಿದ್ರೆ ಏನ್ ಗತಿ?" ಎಂದು ಕೆಲವರು ಬಾಯಿ ಒರೆಸಿಕೊಳ್ಳುತ್ತಲೇ ಜಗಳ ಶುರು ಮಾಡಿದರು. ಚಾಂಗ್‌ಗೆನ್ ಮೂಲೆಯಲ್ಲಿ ಕೂತು ಮಾಂಸ ಅಗಿಯುತ್ತಿದ್ದ. ಅವನು ಕೂತಿದ್ದಾನೆಂದು ನನ್ನ ಹೊರತು ಯಾರಿಗೂ ಹೊಳೆಯಲಿಲ್ಲ.

ಮೌ ಹೊರಡುವ ಹೊತ್ತಿಗೆ ವ್ಯಾನು ಊರ ಬಾಗಿಲಲ್ಲಿ ನಿಂತಿತ್ತು. ಬರುವಾಗ ಅಡ್ಡಗಟ್ಟಿದ ಹೆಂಗಸರು ಹೋಗುವಾಗಲೂ ಅಡ್ಡಗಟ್ಟುತ್ತಾರೆ. ವಾನ್ ಅತ್ತೆ ಕೊಂಬು ತುಂಬಿ ನನ್ನ ಕೈಗೆ ಕೊಟ್ಟಳು. ಮೌ ಈಗ ಪಾಠ ಕಲಿತಿದ್ದ. ಎರಡೂ ಕೈ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿ, ಬಗ್ಗಿ, ಗುಬ್ಬಿಮರಿಯಂತೆ ಬಾಯಿ ತೆರೆದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಚಾಂಗ್‌ಗೆನ್ ಅವನ ಚೀಲ ಕೆಳಗಿಟ್ಟು ಮುಂದೆ ಬಂದ. ನನ್ನ ಮತ್ತು ಮೌ ನಡುವೆ ನಿಂತು, ಎರಡೂ ಕೈ ಚಾಚಿ, ಕೊಂಬನ್ನು ನನ್ನಿಂದ ತೆಗೆದುಕೊಂಡ.

"ಕೈ ತಾಗ್ತು!" ಎಂದು ಹೆಂಗಸರು ಕೂಗಿದರು. ಮೌ ಚಪ್ಪಾಳೆ ತಟ್ಟಿ ನಕ್ಕ. "ಅಣ್ಣಾ, ಕೈ! ನಿಮ್ಮೂರಿಂದೇ ನಿಮಗೆ ಗೊತ್ತಿಲ್ವಾ?"

"ಗೊತ್ತು," ಎಂದ ಚಾಂಗ್‌ಗೆನ್, ಅವನ ಕಣ್ಣನ್ನೇ ನೋಡುತ್ತಾ. "ಅವತ್ತೂ ಗೊತ್ತಿತ್ತು. ವ್ಯಾನಲ್ಲೂ ಗೊತ್ತಿತ್ತು."

ಹೆಂಗಸರು ಇನ್ನೂ ಹಾಡುತ್ತಿದ್ದರು, ಅವರಿಗೆ ಏನೂ ತಿಳಿಯಲಿಲ್ಲ. ಮೌ ಮಾತ್ರ ನಗು ನಿಲ್ಲಿಸಿದ. ನನ್ನ ಗಂಡ ತಲೆ ಹಿಂದಕ್ಕೆ ಮಾಡಿ ಕುಡಿಯತೊಡಗಿದ. ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಅರ್ಧಕ್ಕೆ ಉಸಿರು ಕಟ್ಟಿ ನಿಲ್ಲಿಸಿದ. ಆಗ ಮೌ ಬೆನ್ನ ಹಿಂದಿನಿಂದ ಕೈಗಳನ್ನು ತೆಗೆದ. ನನಗೆ ಹೊಡೆಯುತ್ತಾನೆಂದೇ ಅನ್ನಿಸಿತು. ಅವನು ತಲೆ ಬಾಗಿಸಿ, ಎರಡೂ ಕೈಯಲ್ಲಿ ಕೊಂಬು ತೆಗೆದುಕೊಂಡು, ಉಳಿದದ್ದನ್ನು ಕುಡಿದು ಮುಗಿಸಿದ.

"ನಮ್ಮೂರಲ್ಲಿ ಹಿರಿಯರು ಕೊಟ್ಟಿದ್ದನ್ನ ಹೀಗೇ ತಗೊಳ್ಳೋದು," ಎಂದ. ಆಮೇಲೆ ತಾನೇ ಚೀಲ ಎತ್ತಿಕೊಂಡು ವ್ಯಾನು ಹತ್ತಿದ. ಕುಡಿದ ಚಾಂಗ್‌ಗೆನ್ ವ್ಯಾನು ಓಡಿಸುವಂತಿರಲಿಲ್ಲ, ಪಾನ್ ಓಡಿಸಿಕೊಂಡು ಹೋದ.

ವ್ಯಾನು ತಿರುವು ದಾಟುವವರೆಗೆ ನಿಂತಿದ್ದ ನನ್ನ ಗಂಡ ಬಾಗಿಲ ಕಲ್ಲಿನ ಮೇಲೆ ಕೂತ. ವಾನ್ ಅತ್ತೆ ಅವನ ಪಕ್ಕದಲ್ಲಿ ಕುಕ್ಕರಿಸಿ, ಚಿಲುಮೆ ತುಂಬುತ್ತಾ ಕೇಳಿದಳು, "ಅಲ್ಲ ಕಂಬಣ್ಣ, ಊರೆಲ್ಲ ಜಗಳ ಆಡ್ತಿದೆ. ನೀನೇ ಹೇಳು. ಅಷ್ಟು ದುಡ್ಡು ಕೊಟ್ಟು ಅವನನ್ನ ತಂದಿದ್ದು ಬೇಕಿತ್ತಾ?"

"ಬೇಕಿತ್ತು ಅತ್ತೆ," ಎಂದ. ಮೊಣಕಾಲು ನೀವಿಕೊಳ್ಳುತ್ತಾ ಮತ್ತೆ ಹೇಳಿದ, "ನನ್ನ ಜಾಗಕ್ಕೇ ಬೇಕಿತ್ತು."

ಅತ್ತೆ ಚಿಲುಮೆ ಹಚ್ಚಿ ಮೊದಲು ಅವನ ಕೈಗೆ ಕೊಟ್ಟಳು. ನಾನು ಖಾಲಿ ಕೊಂಬು ಹಿಡಿದುಕೊಂಡು ಹೊಳೆಯ ಕಡೆ ನಡೆದೆ, ಅಲ್ಲಿಂದ ಮತ್ತೆ ಬಾಗಿಲಿಗೆ ಬಂದೆ, ಮತ್ತೆ ಹೊಳೆಗೆ ಹೋದೆ. ಅವತ್ತು ನನಗೆ ಕೂರಲಾಗಲಿಲ್ಲ.